ಹಲಸಿನ ಬುಡದ ಒಂದು ಹಿಡಿ ಮಣ್ಣು

"ಪುಸ್ತಕ ನಿಮಗೆ ಬೇಕಾದ್ದು. ನನಗೆ ಜಾಗ ಬೇಕು ಮೋಳೇ" ಎಂದರು ಅಮ್ಮಚ್ಚಿ. ಅವರ ಮಲಯಾಳದಲ್ಲಿ ಅಮ್ಮಚ್ಚಿ ಎಂದರೆ ಅಜ್ಜಿ, ಮೋಳೇ ಎಂದರೆ ಮಗಳೇ. ಕಡಬದ ಹತ್ತಿರದ ಅವರ ಮನೆಯ ಚಾವಡಿಯಲ್ಲಿ ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಸೇರಿ ನಾನು ಬಿಡಿಸಿದ ವಂಶವೃಕ್ಷವನ್ನು ನೆಲಕ್ಕೆ ಹಾಸಿಕೊಂಡು ತಮ್ಮ ತಮ್ಮ ಹೆಸರು ಹುಡುಕುತ್ತಿದ್ದರು. ಅಮ್ಮಚ್ಚಿ ಕೋಲಿನ ತುದಿಯಿಂದ ಹಾಳೆಯ ಮೇಲುಭಾಗ ತೋರಿಸಿ, "ಇಲ್ಲಿ ಎಂತ ಬರ್ದದ್ದು?" ಎಂದು ಕೇಳಿದರು.

ಅಲ್ಲಿ 'ಮೊದಲ ಪತ್ನಿ' ಎಂದಿತ್ತು. ಅಷ್ಟೇ ಇತ್ತು.

"ಅವಳಿಗೆ ಹೆಸರು ಉಂಟು. ಏಲಿಕುಟ್ಟಿ. ನನ್ನ ಅಮ್ಮ."

 ಆ ಹಾಳೆಗೆ ಹೆಸರುಗಳನ್ನು ಕೊಟ್ಟವರು ಅಮ್ಮಚ್ಚಿಯ ಮಲತಮ್ಮನ ಮಗ, ರಬ್ಬರ್ ಶೀಟಿನ ವ್ಯಾಪಾರಿ. ಕೇರಳದಿಂದ ಬಂದು ಇಲ್ಲಿ ಕಾಡು ಕಡಿದು ಬೇಸಾಯಕ್ಕಿಳಿದ ಅವರ ಅಜ್ಜನ, ಅಂದರೆ ಅಮ್ಮಚ್ಚಿಯ ಅಪ್ಪನ, ಹೆಸರಿನಲ್ಲಿ ಕುಟುಂಬದವರೆಲ್ಲ ಒಂದು ದಿನ ಸೇರುವುದು, ಆ ದಿನಕ್ಕೆ ಒಂದು ಪುಸ್ತಕ ತರುವುದು ಎಂದು ಅವರು ನನಗೆ ಕೆಲಸ ಒಪ್ಪಿಸಿದ್ದರು. ಅಜ್ಜ ಏನು ಬೆಳೆದರು, ಇಗರ್ಜಿಗೆ, ಅಂದರೆ ಚರ್ಚಿಗೆ, ಹೇಗೆ ದುಡಿದರು, ಯಾರಿಗೆ ಯಾರು ಹುಟ್ಟಿದರು ಎಂಬುದೆಲ್ಲ ಅದರಲ್ಲಿ ಬರಬೇಕು. ಅಜ್ಜನ ಎರಡನೇ ಹೆಂಡತಿಯ ಕಡೆಯವರು ಇವರು. ಮೊದಲಿನವಳ ಹೆಸರು ಅವರಿಗೆ ಗೊತ್ತಿರಲಿಲ್ಲ, ನಾನೂ ಕೆದಕಿ ಕೇಳಿರಲಿಲ್ಲ. ಆಲೆಟ್ಟಿಯ ನನ್ನ ತವರಿನಿಂದ ಹಿಡಿದು ಸುಳ್ಯದ ಎಷ್ಟೋ ಗೌಡ ಮನೆತನಗಳಿಗೆ ಇಂಥ ಪುಸ್ತಕ ಮಾಡಿಕೊಟ್ಟವಳು ನಾನು. ಗಂಡಸರ ಸಾಲು ಹಿಡಿದು ಇಳಿದರೆ ಮರ ತಾನಾಗಿ ಬೆಳೆಯುತ್ತದೆ ಎಂಬ ಜಂಬ ಇತ್ತು.

ಅಮ್ಮಚ್ಚಿಗೆ ಬೇಕಾಗಿದ್ದ ಜಾಗ ಅವರ ಅಮ್ಮನನ್ನು ಮಣ್ಣು ಮಾಡಿದ ಜಾಗ. ಅಜ್ಜ ಬಂದ ಹೊಸತರಲ್ಲಿ ಇಲ್ಲಿ ಇಗರ್ಜಿ ಇರಲಿಲ್ಲ, ಸಮಾಧಿ ಸ್ಥಳ ಇರಲಿಲ್ಲ. ಹೊಳೆ ಬದಿಯ ಕಾಡಿನಲ್ಲಿ ಒಂದು ಹುಲ್ಲಿನ ಮಾಡಿನ ಗುಡಿಸಲು. ಮಳೆಗಾಲದ ಚಳಿಜ್ವರದಲ್ಲಿ ಏಲಿಕುಟ್ಟಿ ತೀರಿಕೊಂಡಾಗ ಅಜ್ಜನೇ ಗುಂಡಿ ತೋಡಿ, ಬಾಯಿಗೆ ಬಂದಷ್ಟು ಪ್ರಾರ್ಥನೆ ಹೇಳಿ ಹೂತರು. ಪುಟ್ಟ ಹುಡುಗಿಯಾಗಿದ್ದ ಅಮ್ಮಚ್ಚಿಯನ್ನು ಕೇರಳಕ್ಕೆ, ತಾಯಿಯ ತವರಿಗೆ ಕಳಿಸಿದರು. ಬೆಳೆದು ವಾಪಸಾದಾಗ ಅಪ್ಪನಿಗೆ ಬೇರೆ ಹೆಂಡತಿ, ಬೇರೆ ಜಾಗ, ಬೇರೆ ಮನೆ.

"ಅಮ್ಮ ಎಲ್ಲಿ ಅಂತ ಕೇಳಿದ್ರೆ ಅಪ್ಪಚ್ಚನ್ ಎದ್ದು ತೋಟಕ್ಕೆ ಹೋಗುದು. ಮತ್ತೆ ಮತ್ತೆ ಕೇಳ್ಲಿಕ್ಕೆ ನನಗೆ ಧೈರ್ಯ ಇರ್ಲಿಲ್ಲ."

ಅವರಲ್ಲಿ ಸತ್ತವರ ದಿನ ಎಂದು ಒಂದು ಉಂಟು. ಎಲ್ಲರೂ ತಮ್ಮವರ ಸಮಾಧಿಗೆ ಮೇಣದ ಬತ್ತಿ ಹಚ್ಚುತ್ತಾರೆ, ಅಚ್ಚನ್, ಅಂದರೆ ಪಾದ್ರಿ, ಒಂದೊಂದೇ ಸಮಾಧಿಯ ಬಳಿ ನಿಂತು ಪ್ರಾರ್ಥನೆ ಹೇಳುತ್ತಾರೆ. ಆ ಪ್ರಾರ್ಥನೆಗೆ ಒಪ್ಪೀಸ್ ಎನ್ನುತ್ತಾರೆ. ಅಮ್ಮಚ್ಚಿ ಇಷ್ಟು ವರ್ಷವೂ ತಾಯಿಯ ಬತ್ತಿಯನ್ನು ಸಮಾಧಿ ಸ್ಥಳದ ಗೇಟಿನ ಪಕ್ಕದ ಕಲ್ಲುಶಿಲುಬೆಯ ಬುಡದಲ್ಲಿ ಹಚ್ಚಿ ಬಂದವರು. "ಅಲ್ಲಿ ಯಾರೂ ಇಲ್ಲ ಅಂತ ನನಗೂ ಗೊತ್ತು, ದೇವರಿಗೂ ಗೊತ್ತು. ಒಂದೇ ಒಂದು ಸಲ ಅವಳ ತಲೆ ಹತ್ತಿರ ಒಪ್ಪೀಸ್ ಹೇಳಿಸ್ಬೇಕು. ಆಮೇಲೆ ನಾನು ಹೋಗುದು" ಎಂದರು. ಇಲ್ಲ ಎನ್ನಲು ನನ್ನಿಂದಾಗಲಿಲ್ಲ.

ಮೊದಲು ಇಗರ್ಜಿಯ ಕಚೇರಿಗೆ ಹೋದೆ. ಮರಣ ಪುಸ್ತಕ ಶುರುವಾಗುವುದೇ ಇಗರ್ಜಿ ಕಟ್ಟಿದ ಮೇಲೆ. ಅದಕ್ಕೂ ಮೊದಲು ಇಲ್ಲಿಯವರು ದೂರದ ಇನ್ನೊಂದು ಇಗರ್ಜಿಗೆ ಸೇರಿದವರು. ಹೊಳೆ ಇಳಿದ ಮೇಲೆ ಅಲ್ಲಿಂದ ಪಾದ್ರಿಯೊಬ್ಬರು ನಡೆದು ಬಂದು, ಅಷ್ಟರೊಳಗೆ ಹುಟ್ಟಿದ ಮಕ್ಕಳಿಗೆಲ್ಲ ಒಟ್ಟಿಗೇ ಜ್ಞಾನಸ್ನಾನ ಕೊಟ್ಟು, ಸತ್ತವರ ಗುಂಡಿಗಳಿಗೆ ತೀರ್ಥ ಹಾಕಿ ಹೋಗುತ್ತಿದ್ದರು. ಆ ಇಗರ್ಜಿಗೂ ಹೋಗಿ ಹಳೇ ಪುಸ್ತಕಗಳನ್ನು ಬೆರಳಿಟ್ಟು ಓದಿದೆ. ಅಜ್ಜನ ಹೆಸರು ಅಲ್ಲಲ್ಲಿ ಸಿಕ್ಕಿತು. ಯಾರದೋ ಮಗುವಿನ ಜ್ಞಾನಸ್ನಾನಕ್ಕೆ ಸಾಕ್ಷಿ ನಿಂತಿದ್ದಾರೆ, ಯಾರದೋ ಮದುವೆಗೆ ಹೆಬ್ಬೆಟ್ಟು ಒತ್ತಿದ್ದಾರೆ. ಏಲಿಕುಟ್ಟಿ ಮಾತ್ರ ಎಲ್ಲಿಯೂ ಇಲ್ಲ.

ಅಮ್ಮಚ್ಚಿಯ ಇಗರ್ಜಿಯ ಅಚ್ಚನ್, ಚಿಕ್ಕ ಪ್ರಾಯದವರು, ನನ್ನ ಮುಖ ನೋಡಿ ಕಾಫಿ ತರಿಸಿದರು. "ಮೇಡಂ, ಪಾದ್ರಿ ಬಾರದ ವರ್ಷ ಸತ್ತವರು ಪುಸ್ತಕಕ್ಕೆ ಬರುದಿಲ್ಲ. ಹಾಗೆ ಎಷ್ಟೋ ಜನ ಇದ್ದಾರೆ. ನೀವು ನೆಲ ಹುಡುಕಿ."

ನೆಲ ಹುಡುಕುವ ಕೆಲಸ ನನಗೆ ಗೊತ್ತು. ಪಹಣಿ ಹಿಡಿದು ಹಿಂದಕ್ಕೆ ಹೋಗುವುದು, ಯಾರಿಂದ ಯಾರಿಗೆ ಕ್ರಯವಾಯಿತೆಂದು ನೋಡುವುದು, ಹಳೇ ಸರ್ವೆ ನಂಬ್ರ ಹೊಸತಕ್ಕೆ ತಾಳೆ ಹಾಕುವುದು. ಕಡಬ ಈಗ ಬೇರೆ ತಾಲೂಕು. ನನಗೆ ಬೇಕಾದ ಕಡತಗಳಲ್ಲಿ ಕೆಲವು ಅಲ್ಲಿ, ಕೆಲವು ಇನ್ನೂ ಪುತ್ತೂರಿನಲ್ಲಿ. ಅಲ್ಲಿ ಕೇಳಿದರೆ ಇಲ್ಲಿಗೆ, ಇಲ್ಲಿ ಕೇಳಿದರೆ ಅಲ್ಲಿಗೆ. ಆಲಂಕಾರಿನ ಬಸ್ಸಿನ ಕಂಡಕ್ಟರ್ ನಾನು ಹತ್ತಿದ ಕೂಡಲೇ "ಇವತ್ತು ಕಡತ ಯಾವ ಬದಿಯಲ್ಲಿ ಅಕ್ಕ?" ಎಂದು ತಮಾಷೆ ಮಾಡುವಷ್ಟು ಓಡಾಟ ಆಯಿತು. ಕೊನೆಗೆ ಒಂದು ವಿಷಯ ಖಾತ್ರಿಯಾಯಿತು. ಅಜ್ಜನ ಮೊದಲ ಜಾಗ ಈಗಿನ ಮನೆಯ ಹತ್ತಿರದ್ದಲ್ಲ. ಗುಂಡ್ಯ ಹೊಳೆಯ ಬದಿಯಲ್ಲಿ ಇನ್ನೊಂದು ಜಾಗವಿತ್ತು. ಇಗರ್ಜಿಗೆ ಹತ್ತಿರವಾಗಲೆಂದು ಅಜ್ಜ ಅದನ್ನು ಒಬ್ಬ ಬ್ಯಾರಿ ಮುಸ್ಲಿಂ ಶುಂಠಿ ವ್ಯಾಪಾರಿಗೆ ಮಾರಿ ಈಚೆ ಬಂದಿದ್ದರು. ಈಗಲೂ ಅದು ಅದೇ ಮನೆಯವರ ಕೈಯಲ್ಲಿ ಉಂಟು.

ಮತ್ತೆ ಅಮ್ಮಚ್ಚಿಯ ಎದುರು ಕೂತೆ. ನೆನಪಿದ್ದಷ್ಟು ಹೇಳಿ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಮಾಡಿನ ಮುಂದೆ ಒಂದು ಹಲಸಿನ ಗಿಡ. ಅದಕ್ಕೆ ಕಬ್ಬಿಣದ ಸರಪಳಿ ಕಟ್ಟಿ, ಮರ ಸಾಗಿಸುವ ಲಾರಿಯ ಮುರಿದ ಸ್ಪ್ರಿಂಗ್ ಪ್ಲೇಟೊಂದನ್ನು ನೇತುಹಾಕಿದ್ದರು. ಆದಿತ್ಯವಾರ ಬೆಳಿಗ್ಗೆ ಅಜ್ಜ ಅದಕ್ಕೆ ಸುತ್ತಿಗೆಯಿಂದ ಬಡಿದರೆ ಸುತ್ತಲಿನ ಗುಡ್ಡಗಳಿಂದ ನಾಲ್ಕು ಮನೆಯವರು ಪ್ರಾರ್ಥನೆಗೆ ಬರುತ್ತಿದ್ದರು. ಅದೇ ಅವರ ಇಗರ್ಜಿಯ ಗಂಟೆ. "ಅಮ್ಮನನ್ನ ಎತ್ತಿಕೊಂಡು ಹೋಗುವಾಗಲೂ ಅಪ್ಪಚ್ಚನ್ ಅದನ್ನು ಬಡಿದ್ರು. ಆಮೇಲೆ ದೂರ ಹೋಗ್ಲಿಲ್ಲ ಮೋಳೇ. ಆ ಶಬ್ದದ ಬುಡದಲ್ಲೇ ಇಟ್ಟದ್ದು."

ಇಷ್ಟು ಗೊತ್ತಾದ ಮೇಲೆ ಮಾಡಬೇಕಾದದ್ದು ಒಂದೇ. ಜಾಗದವರ ಮನೆಗೆ ಹೋಗಿ, ವಿಷಯ ಹೀಗೆ ಎಂದು ಕೇಳುವುದು. ನಾನು ಅದನ್ನು ಮಾಡಲಿಲ್ಲ.

ಯಾಕೆಂದರೆ ನನ್ನ ಕಸುಬಿನಲ್ಲಿ ನಾನು ಕಲಿತದ್ದು ಬೇರೆ. ನಮ್ಮ ಕುಟುಂಬಗಳು ಜೋಯಿಸರಲ್ಲಿ ಪ್ರಶ್ನೆ ಇಡುವಾಗ ಕುಟುಂಬದ ಮೂಲನಾಗನ ಕಲ್ಲು ಇಂಥ ದಿಕ್ಕಿನಲ್ಲಿ ಉಂಟು ಎಂದು ಬರುತ್ತದೆ. ಹುಡುಕಿ ಹೋದರೆ ಅದು ಯಾರದೋ ತೋಟದೊಳಗೆ. ವಿಷಯ ಹೇಳಿದೆವೋ, ಜಾಗ ಕೈತಪ್ಪುತ್ತದೆ ಎಂಬ ಹೆದರಿಕೆಗೆ ಅವರು ಒಳಗೇ ಬಿಡುವುದಿಲ್ಲ. ಕಲ್ಲನ್ನೇ ಕಿತ್ತು ಹೊಳೆಗೆ ಹಾಕಿದವರೂ ಇದ್ದಾರೆ. ಹಾಗಾಗಿ ಏನಾದರೊಂದು ನೆಪ ಹಿಡಿದು ಹೋಗಿ, ನೋಡಿ, ಬೇಕಿದ್ದರೆ ಸದ್ದಿಲ್ಲದೆ ಒಂದು ಹಿಡಿ ಮಣ್ಣು ತಂದು ಹೊಸ ಕಟ್ಟೆಗೆ ಹಾಕುವುದು ನಮ್ಮ ಕ್ರಮ. ಅದಕ್ಕೆ ಮೃತ್ತಿಕೆ ತರುವುದು ಎಂದು ಚಂದದ ಹೆಸರೂ ಉಂಟು. ಅದರಲ್ಲಿ ನಾನು ಪಳಗಿದವಳು.

ಪುಸ್ತಕ ಒಪ್ಪಿಸಿದ ರಬ್ಬರ್ ವ್ಯಾಪಾರಿಯೂ ಅದಕ್ಕೆ ತುಪ್ಪ ಸುರಿದರು. "ಹೇಳ್ಲಿಕ್ಕೆ ಹೋಗ್ಬೇಡಿ ಮೇಡಂ. ಈಗಿನ ಕಾಲ ಗೊತ್ತುಂಟಲ್ಲ. ಶಿಲುಬೆ ನೆಡ್ಲಿಕ್ಕೆ ಬಂದ್ರು ಅಂತ ಮರುದಿನವೇ ಜೆಸಿಬಿ ತಂದು ಸಮ ಮಾಡಿ ಬಿಡ್ತಾರೆ." ನನಗೂ ಹಾಗೇ ಅನ್ನಿಸಿತ್ತು. ಆ ಮನೆಯವರಲ್ಲಿ ಒಬ್ಬರ ಮುಖವನ್ನೂ ನೋಡದೆ ಹಾಗೆ ಅನ್ನಿಸಿತ್ತು.

ಊರಿನ ಹಳೇ ಮರಗಳ ಬಗ್ಗೆ ಬರೆಯುತ್ತಿದ್ದೇನೆ ಎಂಬ ಸುಳ್ಳು ಕಟ್ಟಿಕೊಂಡು, ಕುತ್ತಿಗೆಗೆ ಕ್ಯಾಮರಾ ಹಾಕಿ, ಅಳೆಯುವ ಟೇಪು ಹಿಡಿದು ಹೋದೆ. ಬಾಗಿಲು ತೆರೆದದ್ದು ನನಗಿಂತ ಸ್ವಲ್ಪ ಹಿರಿಯ ಹೆಂಗಸು. ತಲೆಯ ಮೇಲಿನ ಶಾಲು ಸರಿಮಾಡಿಕೊಳ್ಳುತ್ತಾ, "ಬಿಸಿಲಿಗೆ ಬಂದಿದ್ದೀರಿ ಅಕ್ಕ, ಒಳಗೆ ಬನ್ನಿ. ಗಂಡಸರು ಅಂಗಡಿಗೆ ಹೋಗಿದ್ದಾರೆ, ನಾನೇ ತೋರಿಸ್ತೇನೆ" ಎಂದರು. ತೋಟ ನಡೆಸುವವರು ಅವರೇ ಎಂದು ಆಮೇಲೆ ತಿಳಿಯಿತು. ಯಾವ ಸಾಲಿನಲ್ಲಿ ಹಾಲು ಕಡಿಮೆ, ಯಾವ ಮರಕ್ಕೆ ಈ ವರ್ಷ ರಜೆ ಎಂದೆಲ್ಲ ಹೇಳುತ್ತಾ ಮುಂದೆ ನಡೆದರು. ರಬ್ಬರ್ ಸಾಲುಗಳ ನಡುವೆ ಒಂದು ಕಡೆ ಮಾತ್ರ ಸಾಲು ಮುರಿದಿತ್ತು. ಅಲ್ಲಿ ದೊಡ್ಡದೊಂದು ಹಲಸಿನ ಮರ. ಬುಡದ ಪೂರ್ವಕ್ಕೆ ಒಂದಿಷ್ಟು ನೆಲ ಹಾರೆ ಕಾಣದೆ ಹಾಗೇ ಉಳಿದಿದೆ, ಒಂದು ತರಗೆಲೆ ಇಲ್ಲ. ಮರದ ಮೈ ನೋಡಿದವಳು ಅಲ್ಲೇ ನಿಂತೆ. ತೊಗಟೆಯೊಳಗಿಂದ ತುಕ್ಕು ಹಿಡಿದ ಸರಪಳಿಯ ಎರಡು ಕೊಂಡಿ ಹೊರಗೆ ಕಾಣುತ್ತಿದ್ದವು. ಉಳಿದದ್ದನ್ನು ಮರ ನುಂಗಿತ್ತು.

"ಇದೆಂತ ಅಕ್ಕ ಸರಪಳಿ?" ಎಂದೆ, ಏನೂ ತಿಳಿಯದವಳ ಹಾಗೆ.

ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. "ಯಾರೋ ದನ ಕಟ್ಟಿದ್ದಿರ್ಬೇಕು."

"ಈ ಮರ ಕಡಿಯುವ ಯೋಚನೆ ಉಂಟಾ?"

"ಇಲ್ಲ ಇಲ್ಲ. ಅದು ಇರ್ಲಿ ಅಂತ." ಅಲ್ಲಿಗೆ ಮಾತು ತಿರುಗಿಸಿ, ಊಟ ಮಾಡಿಯೇ ಹೋಗಬೇಕೆಂದು ಹಟ ಹಿಡಿದರು. ತೆಳ್ಳನೆಯ ಅಕ್ಕಿರೊಟ್ಟಿ, ಬಂಗುಡೆಯ ಸಾರು. ಎರಡನೇ ಸಲ ಬಡಿಸುವಾಗ "ಸಂಕೋಚ ಮಾಡ್ಬೇಡಿ" ಎಂದರು. ನಾನು ಸಂಕೋಚ ಮಾಡಲಿಲ್ಲ. ಚೆನ್ನಾಗಿ ತಿಂದೆ. ತಿನ್ನುತ್ತಾ ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ಇವರಿಗೆ ಎಲ್ಲ ಗೊತ್ತುಂಟು, ಬೇಕೆಂದೇ ಮುಚ್ಚಿಡುತ್ತಿದ್ದಾರೆ. ನಾನು ಹೇಳಿದ್ದೂ ಸುಳ್ಳೇ ಅಲ್ಲವೇ ಎಂಬುದು ತಲೆಗೇ ಹೋಗಲಿಲ್ಲ.

ಪುತ್ತೂರಿನ ನನ್ನ ಮನೆಗೆ ಬಂದವಳು ಉಬ್ಬಿಹೋಗಿದ್ದೆ. ಯಾವ ಕಡತದಲ್ಲೂ ಇಲ್ಲದ್ದನ್ನು ಒಂದು ಸರಪಳಿಯಿಂದ ಹಿಡಿದೆನಲ್ಲ! ಅದೇ ಉಮೇದಿನಲ್ಲಿ ಏಲಿಕುಟ್ಟಿಯ ಅಧ್ಯಾಯ ಬರೆದೆ. 'ಪರರ ತೋಟದಲ್ಲಿ, ಯಾರ ಪ್ರಾರ್ಥನೆಯೂ ಇಲ್ಲದೆ, ಅನಾಥಳಾಗಿ ಮಲಗಿದ ತಾಯಿ' ಎಂಬ ಸಾಲು ಬರೆದು ನಾನೇ ಎರಡು ಸಲ ಓದಿಕೊಂಡೆ. ಅಮ್ಮಚ್ಚಿಗೂ ಓದಿ ಹೇಳಿದೆ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬರವಣಿಗೆ ನಾಟಿತು ಎಂದುಕೊಂಡೆ, ದೇವರೇ.

"ಹಾಗಾದ್ರೆ ಯಾವಾಗ ಹೋಗುದು?" ಎಂದರು ಅಮ್ಮಚ್ಚಿ, ಕಣ್ಣೊರೆಸಿಕೊಂಡು.

"ಅವರು ಬಿಡುವ ಹಾಗೆ ಕಾಣುದಿಲ್ಲ ಅಮ್ಮಚ್ಚಿ. ಸ್ವಲ್ಪ ತಾಳಿ" ಎಂದೆ. ಕೇಳಿಯೇ ಇರದ ಮಾತಿಗೆ ಇಲ್ಲ ಎಂಬ ಉತ್ತರವನ್ನು ನಾನೇ ಕೊಟ್ಟುಬಿಟ್ಟೆ.

ಅಚ್ಚನ್ ಹತ್ತಿರ ಹೋಗಿ, ಯಾರಿಗೂ ತಿಳಿಯದ ಹಾಗೆ ಬಂದು ಒಂದು ಒಪ್ಪೀಸ್ ಹೇಳಬಹುದೇ ಎಂದು ವಿಚಾರಿಸಿದೆ. ಅವರು ತಲೆ ಅಲ್ಲಾಡಿಸಿದರು. "ಪ್ರಾರ್ಥನೆ ಮಾಡ್ಲಿಕ್ಕೆ ಕಳ್ಳರ ಹಾಗೆ ಹೋಗುದಾ ಮೇಡಂ? ಅವರ ಹತ್ತಿರ ಕೇಳಿ. ಇಲ್ಲ ಅಂದ್ರೆ ನಾನೇ ಬಂದು ಮಾತಾಡ್ತೇನೆ." ಒಳ್ಳೆಯ ಮಾತು. ಆದರೆ ಇವರಿಗೆ ಊರಿನ ವ್ಯವಹಾರ ತಿಳಿಯದು ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಕುಟುಂಬ ಸೇರುವ ದಿನ ಹತ್ತಿರ ಬರುತ್ತಿತ್ತು. ಮಣ್ಣು ತರುವ ಉಪಾಯ ವ್ಯಾಪಾರಿಯದ್ದಲ್ಲ, ನನ್ನದೇ. ಆ ಜಾಗದ ಒಂದು ಹಿಡಿ ಮಣ್ಣು ತಂದು ಇಗರ್ಜಿಯಲ್ಲಿರುವ ಅಜ್ಜನ ಸಮಾಧಿಗೆ ಸೇರಿಸುವುದು, ಅಲ್ಲೇ ಏಲಿಕುಟ್ಟಿಯ ಹೆಸರು ಕೆತ್ತಿಸುವುದು. ಜಗಳವಿಲ್ಲ, ತಕರಾರಿಲ್ಲ. ವ್ಯಾಪಾರಿಗೆ ಖುಷಿಯೋ ಖುಷಿ. "ನಿಮ್ಮ ತಲೆಯೇ ತಲೆ ಮೇಡಂ" ಎಂದರು.

ತೆಗೆದ ಫೋಟೊ ಸರಿ ಬರಲಿಲ್ಲ ಎಂಬ ಹೊಸ ಸುಳ್ಳಿನೊಂದಿಗೆ ಇನ್ನೊಮ್ಮೆ ಹೋದೆ. ಚೀಲದಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ, ಒಂದು ದಪ್ಪ ಚಮಚ. ಮನೆಯಾಕೆ ಮರದವರೆಗೆ ಬಂದು, "ನೀವು ಫೋಟೊ ತೆಗೀರಿ ಅಕ್ಕ, ನಾನು ಶರಬತ್ತು ತರ್ತೇನೆ" ಎಂದು ಹೋದರು. ಅವರ ಬೆನ್ನು ಮರೆಯಾದ ಕೂಡಲೇ ನಾನು ಮೊಣಕಾಲೂರಿ ಆ ಗುಡಿಸಿದ ನೆಲಕ್ಕೆ ಚಮಚ ಹಾಕಿದೆ. ಮಣ್ಣು ಗಟ್ಟಿ. ಡಬ್ಬಿ ಅರ್ಧವಾಗುವಷ್ಟರಲ್ಲಿ ಹಿಂದಿನಿಂದ ಗ್ಲಾಸುಗಳ ಸದ್ದು ಕೇಳಿತು. ಲಿಂಬೆಹಣ್ಣು ಕೊಯ್ಯಲು ಅರ್ಧ ದಾರಿಯಲ್ಲೇ ನಿಂತವರು, ಗಿಡದ ಮರೆಯಿಂದ ನನ್ನನ್ನು ನೋಡಿ, ಶರಬತ್ತು ಮಾಡಿಕೊಂಡೇ ಬಂದಿದ್ದರೆಂದು ಆಮೇಲೆ ತಿಳಿಯಿತು.

ಎದ್ದು ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಉಗುರಿನಲ್ಲಿ ಮಣ್ಣು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ನಾನು ಮೊಣಕಾಲೂರಿದ್ದದ್ದು ಒಬ್ಬ ತಾಯಿಯ ಸಮಾಧಿಯ ಮೇಲೆ, ಹಾಗೆ ಬೇಡಿಕೊಳ್ಳಲೂ ಹೆದರಿಕೆಯಾಯಿತು.

ಅವರ ಮುಖ ಬಿಳಿಚಿಕೊಂಡಿತ್ತು. ಟ್ರೇ ಕೆಳಗಿಟ್ಟರು.

"ಯಾರಿಗೆ ಮಾಟ ಮಾಡ್ಲಿಕ್ಕೆ ಅಕ್ಕ?"

"ಅಯ್ಯೋ ಇಲ್ಲ! ಮಾಟ ಅಲ್ಲ..."

"ಮತ್ತೆ ಖಬರಿನ ಮಣ್ಣು ಯಾರು ತಕ್ಕೊಂಡು ಹೋಗುದು? ನೀವು ಮೊದಲ ಸಲ ಸರಪಳಿ ಕೇಳಿದಾಗಲೇ ನನಗೆ ಡೌಟು ಬಂತು. ನಿಧಿಯವರಾ, ಮಾಟದವರಾ ಅಂತ. ಅದಕ್ಕೆ ದನ ಅಂತ ಹೇಳಿದ್ದು."

ಖಬರ್, ಅಂದರೆ ಸಮಾಧಿ, ಎಂಬ ಮಾತು ಅವರ ಬಾಯಿಯಿಂದಲೇ ಬಂದಿತ್ತು. ಅಂದರೆ ಅವರಿಗೆ ಗೊತ್ತಿತ್ತು, ಮತ್ತು ಅವರು ಅದನ್ನು ಮುಚ್ಚಿಟ್ಟದ್ದು ನನ್ನಂಥವರಿಂದ. ನನಗೆ ಅಳು ಬಂತು. ತೊದಲುತ್ತಾ ಎಲ್ಲ ಹೇಳಿದೆ: ಅಮ್ಮಚ್ಚಿ, ಏಲಿಕುಟ್ಟಿ, ಪುಸ್ತಕ, ಮರಗಳ ಸುಳ್ಳು. ಅವರು ಕೇಳಿಸಿಕೊಂಡು, ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತರು. 

"ನಮ್ಮ ಮಾವ ಈ ಜಾಗ ತಕ್ಕೊಳ್ಳುವಾಗ ಆ ಅಜ್ಜ ಒಂದೇ ಮಾತು ಹೇಳಿದ್ದಂತೆ. 'ಇಲ್ಲಿ ನನ್ನವಳು ಇದ್ದಾಳೆ, ಇಷ್ಟಕ್ಕೆ ಮಾತ್ರ ಹಾರೆ ಹಾಕ್ಬೇಡ' ಅಂತ. ಮಾವ ಹಾಕ್ಲಿಲ್ಲ. ನಾವೂ ಹಾಕ್ಲಿಲ್ಲ. ಮರದ ವ್ಯಾಪಾರದ ಸಾಬರು ಬಂದು ಹಲಸಿಗೆ ಎಷ್ಟು ಬೇಕಾದ್ರೂ ಕೊಡ್ತೇನೆ ಅಂದ್ರೂ ಕೊಡ್ಲಿಲ್ಲ." ನನ್ನ ಕಡೆ ತಿರುಗಿ, "ಅಕ್ಕ, ಕೇಳಿದ್ರೆ ನಾನು ಇಲ್ಲ ಅಂತ ಹೇಳ್ತಿದ್ದೆನಾ?" ಎಂದರು.

ನಾನು ಡಬ್ಬಿಯನ್ನು ಅವರ ಕಡೆ ಸರಿಸಿದೆ.

"ಮಣ್ಣು ಬೇಕಾದ್ರೆ ತಕ್ಕೊಂಡು ಹೋಗಿ. ಆದ್ರೆ ಆ ಅಮ್ಮನನ್ನ ಒಮ್ಮೆ ಕರ್ಕೊಂಡು ಬನ್ನಿ."

ಅವರನ್ನು ಕೇಳಿ ತಿಳಿದುಕೊಳ್ಳಬೇಕಾದದ್ದು ಎಷ್ಟೋ ಇತ್ತು. ನಾನು ಆ ಶರಬತ್ತನ್ನೂ ಕುಡಿಯದೆ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಡಬ್ಬಿ ಕಾಲಿನ ಹತ್ತಿರ ಲಟಲಟ ಎನ್ನುತ್ತಿತ್ತು.

ವ್ಯಾಪಾರಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು, "ಮಣ್ಣು ಸಿಕ್ಕಿತಲ್ಲ? ಮತ್ತೆಂತ ತಲೆಬಿಸಿ?" ಎಂದರು. "ಅಮ್ಮಚ್ಚಿಗೆ ಈ ಪಂಚಾಯ್ತಿ ಎಲ್ಲ ಹೇಳ್ಬೇಡಿ. ಅವರು ಕರೆದ್ರು ಅಂತ ಹೋಗಿ ಕೈಕಟ್ಟಿ ನಿಲ್ಲುದಾ? ಪುಸ್ತಕ ಪ್ರೆಸ್ಸಿಗೆ ಹೋಗ್ಲಿ ಮಾರಾಯ್ರೆ."

ಅಮ್ಮಚ್ಚಿಗೆ ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಮಾಧಿಗೆ ಮಣ್ಣು ಬೀಳುತ್ತಿತ್ತು, ಅಚ್ಚನ್ ಒಪ್ಪೀಸ್ ಹೇಳುತ್ತಿದ್ದರು, ಅಮ್ಮಚ್ಚಿ ಅಳುತ್ತಿದ್ದರು, ನನಗೆ ಶಾಲು ಹೊದಿಸುತ್ತಿದ್ದರು. ಪ್ರೆಸ್ಸಿಗೆ ಹೋಗಬೇಕಿದ್ದ ಪುಟಗಳನ್ನು ಕೊನೆಯ ಸಲ ಓದಲು ಕೂತೆ. 'ಯಾರ ಪ್ರಾರ್ಥನೆಯೂ ಇಲ್ಲದೆ, ಅನಾಥಳಾಗಿ' ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ. ಒಂದು ತರಗೆಲೆಯೂ ಇಲ್ಲದ ಆ ನೆಲ ಕಣ್ಣಮುಂದೆ ಬಂತು. ಪ್ರೆಸ್ಸಿಗೆ ತಡೆಯಲು ಹೇಳಿ, ಡಬ್ಬಿ ಹಿಡಿದು ಕಡಬದ ಬಸ್ಸು ಹತ್ತಿದೆ.

ಅಮ್ಮಚ್ಚಿ ಹಿಂದಿನ ಜಗಲಿಯಲ್ಲಿ ಒಣಗಿದ ಮರಗೆಣಸಿನ ಚೂರುಗಳನ್ನು ಆರಿಸುತ್ತಿದ್ದರು. ಒಂದನ್ನೂ ಬಿಡದೆ ಹೇಳಿದೆ. ಚಮಚದ ವಿಷಯವನ್ನೂ ಹೇಳಿದೆ. ಅವರು ಡಬ್ಬಿಯನ್ನು ಮಡಿಲಿಗೆ ತೆಗೆದುಕೊಂಡು ಮುಚ್ಚಳ ತೆರೆದು ನೋಡಿದರು.

"ನನ್ನ ಅಮ್ಮನನ್ನ ಟಿಫಿನ್ ಡಬ್ಬಿಯಲ್ಲಿ ತಂದಿದ್ದೀಯಾ ನೀನು? ಕದ್ದು?"

ನಾನು ತಲೆ ತಗ್ಗಿಸಿದೆ. ಬೈಯಲಿ, ಎರಡು ಬಾರಿಸಲಿ ಎನ್ನಿಸಿತು. ಅವರು ಬೈಯಲಿಲ್ಲ.

"ಅವರು ಬಿಡುದಿಲ್ಲ ಅಂತ ಅವತ್ತು ಹೇಳಿದೆಯಲ್ಲ. ಅವತ್ತಿನಿಂದ ನಾನು ಅವರಿಗೆ ಶಾಪ ಹಾಕ್ತಾ ಇದ್ದೆ, ದಿನಾ ಕೊಂತದ ಜಪಮಾಲೆ ಹೇಳಿ ಆದ ಮೇಲೆ. ಆ ಶಾಪ ಈಗ ಯಾರು ಹಿಂದೆ ತಕ್ಕೊಳ್ಳುದು?" ಮುಚ್ಚಳ ಗಟ್ಟಿಯಾಗಿ ಹಾಕಿದರು. "ಎಲ್ಲಿಂದ ತೆಗ್ದಿಯೋ ಅಲ್ಲಿಯೇ ಹಾಕ್ಬೇಕು. ನಾನೂ ಬರ್ತೇನೆ. ಅಚ್ಚನಿಗೆ ಹೇಳು."

ಹೋದ ದಿನ ವ್ಯಾಪಾರಿಯೂ ಬಂದರು. ಅಮ್ಮಚ್ಚಿ ಏನು ಹೇಳಿದ್ದರೋ, ಒಂದೂ ಮಾತಿಲ್ಲದೆ ಕಾರು ಓಡಿಸಿದರು. ತೋಟದೊಳಗೆ ಮಾತ್ರ ಅಭ್ಯಾಸಬಲದಿಂದ ಒಂದು ರಬ್ಬರ್ ಮರ ತಟ್ಟಿ ನೋಡಿ, "ಚೆನ್ನಾಗಿ ಬಂದಿದೆ" ಎಂದರು. "ಔಷಧ ಹೊಡಿಸ್ತೇವೆ" ಎಂದರು ಮನೆಯಾಕೆ. ಅಲ್ಲಿಗೆ ಅವರಿಬ್ಬರ ನಡುವಿನ ಬಿಗಿ ಸ್ವಲ್ಪ ಸಡಿಲಾಯಿತು.

ಹಲಸಿನ ಬುಡಕ್ಕೆ ಆಗ ತಾನೇ ಪೊರಕೆ ಬಿದ್ದಿತ್ತು. ನಾನು ತೋಡಿದ ಗುಂಡಿ ಹಾಗೇ ಇತ್ತು, ಅದನ್ನು ಯಾರೂ ಮುಚ್ಚಿರಲಿಲ್ಲ. ಅಮ್ಮಚ್ಚಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಎಲ್ಲರೂ ನೋಡುತ್ತಿರುವಂತೆ ನಾನು ಮೊಣಕಾಲೂರಿ ಮಣ್ಣು ಸುರಿದು, ಅಂಗೈಯಿಂದ ಒತ್ತಿ ಸಮ ಮಾಡಿದೆ. ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿರಲಿಲ್ಲ.

ಅಚ್ಚನ್ ಪ್ರಾರ್ಥನೆಯ ಪುಸ್ತಕ ಬಿಡಿಸುವ ಮೊದಲು ಅಮ್ಮಚ್ಚಿ ಮನೆಯಾಕೆಯ ಕಡೆ ತಿರುಗಿದರು. "ಇದನ್ನ ಗುಡಿಸುದು ಯಾರು ಮೋಳೇ?"

"ಈಗ ನಾನು. ಮೊದಲು ಅತ್ತೆ." ಅವರು ಶಾಲಿನ ತುದಿ ಬೆರಳಿಗೆ ಸುತ್ತಿಕೊಂಡರು. "ನಮ್ಮಲ್ಲಿ ಹೆಂಗಸರು ಖಬರಸ್ಥಾನಕ್ಕೆ ಹೋಗ್ಲಿಕ್ಕೆ ಇಲ್ಲ ಅಮ್ಮ. ಅತ್ತೆಯ ಒಂದು ಮಗು ಸಣ್ಣದರಲ್ಲೇ ಹೋಗಿತ್ತು. ಗಂಡಸರು ಖಬರಿಗೆ ಹೊರಟ ದಿನ ಅತ್ತೆ ಇಲ್ಲಿಗೆ ಬಂದು ಗುಡಿಸಿ, ಕೂತು, ದುವಾ ಮಾಡುದು. 'ಅಲ್ಲಿಗೆ ನನ್ನನ್ನು ಬಿಡುದಿಲ್ಲ. ನನಗೆ ಹೋಗ್ಲಿಕ್ಕೆ ಇರುವ ಖಬರ್ ಇದೊಂದೇ. ಇವಳಿಗೂ ಮಕ್ಕಳು ಇದ್ದಿರ್ಬೇಕು' ಅಂತ ಹೇಳ್ತಿದ್ರು. ಸಾಯುವ ವರ್ಷದವರೆಗೂ ಬಿಡ್ಲಿಲ್ಲ."

ಅಮ್ಮಚ್ಚಿ ಮನೆಯಾಕೆ ತಂದಿಟ್ಟಿದ್ದ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.  ಆಮೇಲೆ ನನ್ನ ಕಡೆ ನೋಡಿದರು.

"ಆ ಅತ್ತೆಯ ಹೆಸರು ಎಂತ?"

ಅವರು ಕೇಳಿದ್ದು ನನ್ನನ್ನು. ಹೆಸರು ಹುಡುಕುವುದೇ ಕಸುಬಾದವಳನ್ನು, ಈ ಮನೆಯಲ್ಲಿ ಹೊಟ್ಟೆತುಂಬ ಉಂಡವಳನ್ನು. ನನ್ನ ಚೀಲದಲ್ಲಿ ಆ ಹಲಸಿನ ಸುತ್ತಳತೆ ಇತ್ತು, ಸರಪಳಿಯ ಕೊಂಡಿಯ ದಪ್ಪ ಇತ್ತು, ದಿಕ್ಕು, ಸರ್ವೆ ನಂಬ್ರ, ಎಲ್ಲ ಇತ್ತು. ಆ ಹೆಸರು ಮಾತ್ರ ಇರಲಿಲ್ಲ.

"ಐಸಮ್ಮ" ಎಂದರು ಮನೆಯಾಕೆ, ಮೆಲ್ಲಗೆ.

"ಐಸಮ್ಮ" ಎಂದು ಅಮ್ಮಚ್ಚಿ ಎರಡು ಸಲ ಹೇಳಿಕೊಂಡರು, ಮರೆಯಬಾರದು ಎನ್ನುವ ಹಾಗೆ. ಆಮೇಲೆ ಅಚ್ಚನಿಗೆ, "ಏಲಿಕುಟ್ಟಿಯ ಹೆಸರು ಹೇಳುವಲ್ಲಿ ಅದನ್ನೂ ಹೇಳಿ" ಎಂದರು. ಅಚ್ಚನ್ ಏನೂ ಕೇಳದೆ ತಲೆಯಾಡಿಸಿದರು. ಗಾಳಿಗೆ ಬತ್ತಿ ಆರುತ್ತಿತ್ತು. ಮನೆಯಾಕೆ ಬಂದು ಶಾಲು ಅಡ್ಡ ಹಿಡಿದು ನಿಂತರು. ಒಪ್ಪೀಸ್ ಮುಗಿಯುವವರೆಗೆ ಹಾಗೇ ಹಿಡಿದುಕೊಂಡಿದ್ದರು.

ಎಲ್ಲ ಮುಗಿದು ಹೊರಡುವಾಗ ನಾನು ಐಸಮ್ಮನ ಹೆಸರನ್ನು ಪುಸ್ತಕಕ್ಕಾಗಿ ಬರೆದುಕೊಳ್ಳುತ್ತಿದ್ದೆ. ಅಮ್ಮಚ್ಚಿ ಕೋಲೂರಿಕೊಂಡು ನನ್ನ ಪಕ್ಕ ಬಂದು ನಿಂತರು. ಮನೆಯಾಕೆ ಆಚೆ ಗ್ಲಾಸುಗಳನ್ನು ಟ್ರೇಗೆ ಜೋಡಿಸುತ್ತಿದ್ದರು.

"ಈಗ ಹೋಗಿ ಇವಳದ್ದೂ ಕೇಳು" ಎಂದರು.

ಹೋದೆ. ಅಕ್ಕ, ನಿಮ್ಮ ಹೆಸರೇನು ಎಂದು ಕೇಳಿದೆ. ಅವರು ನಕ್ಕು ಹೇಳಿದರು. ಬರೆದುಕೊಂಡೆ.